ಲೋಕಲ್ ರೈಲಿಗೊಂದು ಸಿಂಥ್ ಹಾಡು: ಎಪ್ಪತ್ತರ ದಶಕದ ದನಿ ಲ್ಯಾಪ್‌ಟಾಪಿನಲ್ಲಿ ಬರುವುದು ಹೇಗೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಬೆಳೆದ ಕನ್ನಡಿಗ. ಕ್ರಾಫ್ಟ್‌ವರ್ಕ್, ಜಾರ್, ಮೊರೋಡರ್ ಇವರ ಎಪ್ಪತ್ತರ ದಶಕದ ಸಿಂಥಸೈಜರ್ ಸಂಗೀತ ನನಗೆ ಪ್ರಾಣ. ಅದೇ ದಾರಿಯಲ್ಲಿ ಮುಂಬಯಿ ಲೋಕಲ್ ಮೇಲೆ ಒಂದು ಕನ್ನಡ ಹಾಡು ಮಾಡಿ, ಮಾಟುಂಗದಲ್ಲಿ ನಡೆಯುವ ನಮ್ಮವರ ರಾಜ್ಯೋತ್ಸವದಲ್ಲಿ ನುಡಿಸಬೇಕೆಂದಿದ್ದೇನೆ. ಲ್ಯಾಪ್‌ಟಾಪ್ ಮತ್ತು 25 ಕೀಗಳ ಮಿಡಿ ಕೀಬೋರ್ಡ್ ಇದೆ. ಹದಿನಾಲ್ಕು ಟ್ರ್ಯಾಕ್ ಹಾಕಿದರೂ ಮದುವೆ ಆರ್ಕೆಸ್ಟ್ರಾದ ಕೀಬೋರ್ಡಿನಂತೆ ಕೇಳುತ್ತದೆ. ಒಂದು ನಿಮಿಷದ ತುಣುಕು ಕಳಿಸಿದ್ದೇನೆ. ಮಾತನ್ನು ಸಿಂಥ್ ದನಿಯಾಗಿಸುವ ವೋಕೋಡರಿನಲ್ಲಿ ಹೇಳಿದ ಕನ್ನಡ ಮನೆಯವರಿಗೇ ತಿಳಿಯುತ್ತಿಲ್ಲ. ಜಪಾನಿನಿಂದ ಬಂದ ಹಳೆಯ ಜೂನೋ-106 ಸಿಂಥಸೈಜರ್ ಒಂದು ಮಾರಾಟಕ್ಕಿದೆ. ಅದನ್ನು ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಜೂನೋ ಸದ್ಯಕ್ಕೆ ಬೇಡ. ಅದರ ವಿಷಯ ಕೊನೆಗೆ ಹೇಳುತ್ತೇನೆ. ನಿಮ್ಮ ತುಣುಕಿನಲ್ಲಿ ಮೊದಲು ಕಿವಿಗೆ ಬೀಳುವ ತೊಂದರೆ ಇದು: ಹದಿನಾಲ್ಕು ದನಿಗಳೂ ನೀವು ಮುಟ್ಟುವ ಮೊದಲೇ ಸಿಂಗರಿಸಿಕೊಂಡು ಬಂದಿವೆ. ಪ್ರತಿಯೊಂದು ಪ್ರೀಸೆಟ್‌ಗೂ, ಅಂದರೆ ಸಾಫ್ಟ್‌ವೇರಿನಲ್ಲೇ ಸಿದ್ಧವಿರುವ ದನಿಗೂ, ತನ್ನದೇ ಕೋರಸ್, ತನ್ನದೇ ಎಕೋ, ತನ್ನದೇ ರಿವರ್ಬ್. ಮೊದಲ ಸೆಕೆಂಡಿನಲ್ಲಿ ಹೇಗಿತ್ತೋ ಅರವತ್ತನೆಯದರಲ್ಲೂ ಹಾಗೇ ಇದೆ. ನಾಲ್ಕು ಬೆರಳಿನ ಕಾರ್ಡ್ ಶುರುವಿನಿಂದ ಕೊನೆಯವರೆಗೆ ಹಾಸಿಕೊಂಡಿದೆ. ನೀವು ಹೆಸರಿಸಿದವರ ಸಂಗೀತದಲ್ಲಿ ಒಂದೊಂದು ದನಿಯೂ ಬಡಕಲು, ಒಣಕಲು. ಆದರೆ ಅದು ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಯಾರದೋ ಕೈ ಅದರ ಮೇಲೆ ಸದಾ ಇರುತ್ತದೆ.

ಅವರಿಗೆ ಬೇರೆ ದಾರಿಯೂ ಇರಲಿಲ್ಲ. ರಾಬರ್ಟ್ ಮೋಗ್ 1964ರಲ್ಲಿ ರೂಪಿಸಿದ ಯಂತ್ರ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. 1968ರಲ್ಲಿ ವೆಂಡಿ ಕಾರ್ಲೋಸ್ ಅದರಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿದಾಗ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಎಂಟು ಟ್ರ್ಯಾಕಿನ ಟೇಪಿಗೆ ಹಾಕಬೇಕಾಯಿತು. ನಡುನಡುವೆ ಶ್ರುತಿ ಜಾರಿದರೆ ಮತ್ತೆ ಕೂಡಿಸಬೇಕು. ಜಾರ್ 1976ರಲ್ಲಿ ಹೊರತಂದ ‘ಆಕ್ಸಿಜೆನ್’ ಕೂಡ ಎಂಟೇ ಟ್ರ್ಯಾಕಿನಲ್ಲಿ, ಮನೆಯಲ್ಲೇ ಕಟ್ಟಿಕೊಂಡ ಸ್ಟುಡಿಯೋದಲ್ಲಿ ಆದದ್ದು. ಕಾರ್ಗ್ ಕಂಪನಿಯ ತಾಳದ ಪೆಟ್ಟಿಗೆಯಲ್ಲಿ ಎರಡು ತಾಳ ಒಟ್ಟಿಗೆ ಬರಲೆಂದು ಗುಂಡಿಗಳನ್ನು ಅಂಟುಪಟ್ಟಿ ಹಾಕಿ ಒತ್ತಿಟ್ಟಿದ್ದರು. ಆದ್ದರಿಂದ ನಿಮ್ಮ ಮೊದಲ ಕೆಲಸ, ಹೊಸ ಪ್ರಾಜೆಕ್ಟ್ ತೆರೆದು ಎಂಟೇ ಟ್ರ್ಯಾಕ್ ಇಟ್ಟುಕೊಳ್ಳುವುದು: ಬಾಸ್, ಕಿಕ್, ಸ್ನೇರ್ ಮತ್ತು ಹೈಹ್ಯಾಟ್, ಸ್ಟ್ರಿಂಗ್ಸ್, ಲೀಡ್, ವೋಕೋಡರ್, ರೈಲಿನ ಸದ್ದು. ಅಲ್ಲಿಗೆ ಏಳಾಯಿತು. ಎಂಟನೆಯದನ್ನು ಖಾಲಿ ಬಿಡಿ, ಬೇಕಾದೀತು. ರಿವರ್ಬ್ ಎಲ್ಲಕ್ಕೂ ಸೇರಿ ಒಂದೇ ಒಂದು, ಸೆಂಡ್‌ನಲ್ಲಿ (ಟ್ರ್ಯಾಕುಗಳಿಂದ ಬೇಕಾದಷ್ಟು ದನಿ ಕಳಿಸುವ ಹಂಚಿಕೆಯ ದಾರಿ), 1.5 ಸೆಕೆಂಡ್ ಉದ್ದದ್ದು. ಅದರಲ್ಲಿ 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಬಾಸ್ ಮತ್ತು ಕಿಕ್ ಅದರ ಹತ್ತಿರವೂ ಹೋಗಬಾರದು.

ಸಾಫ್ಟ್‌ವೇರಿಗೆ ದುಡ್ಡು ಬೇಕಿಲ್ಲ. ಸರ್ಜ್ ಎಕ್ಸ್‌ಟಿ ಎಂಬ ಸಿಂಥ್ ಪೂರ್ತಿ ಉಚಿತ. ಅದೊಂದರಲ್ಲೇ ಈ ಹಾಡಿನ ಎಲ್ಲ ದನಿ ಬರುತ್ತದೆ. ತೆರೆದ ಕೂಡಲೇ ‘ಇನಿಟ್’ ಎಂಬ ಖಾಲಿ ದನಿಯಿಂದ ಶುರುಮಾಡಿ. ಪ್ರೀಸೆಟ್ ಪಟ್ಟಿಯ ಕಡೆ ತಿಂಗಳ ಮಟ್ಟಿಗೆ ನೋಡಬೇಡಿ.

ಬಾಸಿಗೆ ಹೆಚ್ಚು ಹೊತ್ತು ಕೊಡಿ, ಹಾಡು ನಿಲ್ಲುವುದು ಅದರ ಮೇಲೆ. 1977ರಲ್ಲಿ ಡೊನ್ನಾ ಸಮ್ಮರ್ ಹಾಡಿದ ‘ಐ ಫೀಲ್ ಲವ್’ಗೆ ಮೊರೋಡರ್ ಮ್ಯೂನಿಕ್‌ನಲ್ಲಿ ಮಾಡಿದ ಬಾಸ್ ಸಾಲು ಯಾರ ಬೆರಳೂ ನುಡಿಸಲಾಗದಷ್ಟು ಚುರುಕಾಗಿ ಓಡುತ್ತದೆ. ಗುಟ್ಟು ಸರಳ: ಬರೆದಿಟ್ಟ ಸ್ವರಗಳನ್ನು ತಾನೇ ನುಡಿಸುವ ಸೀಕ್ವೆನ್ಸರ್ ನುಡಿಸಿದ್ದು ಒಂದು ಕಿವಿಗೆ, ಅದೇ ದನಿ ಸ್ವಲ್ಪ ತಡವಾಗಿ ಇನ್ನೊಂದು ಕಿವಿಗೆ. ಎರಡೂ ಸೇರಿ ವೇಗ ಇಮ್ಮಡಿಯಾದಂತೆ ಕೇಳುತ್ತದೆ. ಆ ಹಾಡಿನಲ್ಲಿ ಕಿಕ್ ಡ್ರಮ್ ಮಾತ್ರ ಯಂತ್ರದ್ದಲ್ಲ. ಮೋಗ್‌ನಲ್ಲಿ ಮನಸ್ಸಿಗೊಪ್ಪುವ ಕಿಕ್ ಬರದೆ ಡ್ರಮ್ ವಾದಕ ಕೀತ್ ಫೋರ್ಸಿ ಅದನ್ನು ಕಾಲಲ್ಲೇ ನುಡಿಸಿದರು.

ನಿಮ್ಮ ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಎಂದಿಟ್ಟುಕೊಳ್ಳಿ. ಒಂದು ಬೀಟ್ 500 ಮಿಲಿಸೆಕೆಂಡ್, ಅರ್ಧ ಬೀಟ್ 250, ಕಾಲು ಬೀಟ್ 125. ಷಡ್ಜವನ್ನು ಡಿ ಸ್ವರಕ್ಕೆ, ಅಂದರೆ 73 ಹರ್ಟ್ಸ್‌ಗೆ ಇಡಿ. ಇದಕ್ಕಿಂತ ತಗ್ಗಿಸಿದರೆ ಸಭಾಗೃಹಗಳ ಸಾಮಾನ್ಯ ಸ್ಪೀಕರುಗಳು ಸರಿಯಾಗಿ ನುಡಿಯುವುದಿಲ್ಲ. ಅರ್ಧ ಬೀಟಿಗೊಂದರಂತೆ ಎಂಟು ಹೆಜ್ಜೆ ಬರೆಯಿರಿ: ಸ ಸ ಸ ಪ, ನಿ ಪ ಸ ಸ, ನಿಷಾದ ಕೋಮಲ. ಪ್ರತಿ ಸ್ವರದ ಉದ್ದ 100 ಮಿಲಿಸೆಕೆಂಡ್ ಮೀರದಿರಲಿ. ಇದನ್ನು ಪೂರ್ತಿ ಎಡಕ್ಕೆ ಹಾಕಿ. ಸೆಂಡ್‌ನಲ್ಲಿ ಒಂದು ಡಿಲೇ ಇಟ್ಟು 125 ಮಿಲಿಸೆಕೆಂಡ್, ಫೀಡ್‌ಬ್ಯಾಕ್ ಸೊನ್ನೆ, ಪೂರ್ತಿ ಬಲಕ್ಕೆ, ಎಡದಷ್ಟೇ ಜೋರು. ಸ್ವರದ ಉದ್ದ 125 ದಾಟಿತೋ, ಎಡದ ಬಾಲ ಬಲದ ತಲೆಯ ಮೇಲೆ ಬಿದ್ದು ಓಟವೆಲ್ಲ ಗೊಜ್ಜಾಗುತ್ತದೆ. ನಿಮ್ಮ ತುಣುಕಿನಲ್ಲಿ ಆಗಿರುವುದೂ ಇದೇ. ವೇಗ ಬದಲಿಸಿದರೆ 15,000ವನ್ನು ಬೀಟ್ ಸಂಖ್ಯೆಯಿಂದ ಭಾಗಿಸಿ ಡಿಲೇ ತಿದ್ದಿಕೊಳ್ಳಿ. 126ಕ್ಕೆ 119 ಮಿಲಿಸೆಕೆಂಡ್ ಬರುತ್ತದೆ.

ಬಾಸಿನ ಒಳಗೆ ಒಂದೇ ಆಸಿಲೇಟರ್ (ದನಿ ಹುಟ್ಟಿಸುವ ಭಾಗ) ಸಾಕು, ಗರಗಸದ ಹಲ್ಲಿನ ಆಕಾರದ ಅಲೆ. ‘ದಪ್ಪ ಆಗಲಿ’ ಎಂದು ಇನ್ನೊಂದನ್ನು 5 ಸೆಂಟ್ (ಅರೆಸ್ವರದ ನೂರರಲ್ಲಿ ಐದು ಪಾಲು) ಏರಿಸಿ ಸೇರಿಸಿದ್ದೀರಿ. ಮೇಲಿನ ಸ್ಥಾಯಿಯಲ್ಲಿ ಅದು ಚೆಂದ, ಕೆಳಗೆ ಅಪಾಯ. 73 ಹರ್ಟ್ಸ್‌ನಲ್ಲಿ 5 ಸೆಂಟ್ ಅಂತರ ಎಂದರೆ ಸೆಕೆಂಡಿಗೆ 0.21 ಕಂಪನದ ವ್ಯತ್ಯಾಸ. ಎರಡು ಅಲೆಗಳೂ ಸುಮಾರು 5 ಸೆಕೆಂಡಿಗೊಮ್ಮೆ ಒಂದನ್ನೊಂದು ಅಳಿಸುತ್ತವೆ. ಆ ಹೊತ್ತಿಗೆ ಬರುವ ನಾಲ್ಕಾರು ಸ್ವರಗಳು ತೂಕವೇ ಇಲ್ಲದೆ ಹೋಗುತ್ತವೆ. ಅದೇ 5 ಸೆಂಟ್ ಎರಡು ಸ್ಥಾಯಿ ಮೇಲೆ ಸೆಕೆಂಡಿಗೆ ಒಂದಕ್ಕಿಂತ ತುಸು ಕಡಿಮೆ ಅಲುಗಾಟ ಕೊಡುತ್ತದೆ, ಕಿವಿಗೆ ಹಿತ. ಎರಡನೆಯ ಆಸಿಲೇಟರ್ ಬೇಕೇಬೇಕೆಂದರೆ ಅದನ್ನು ಒಂದು ಸ್ಥಾಯಿ ಮೇಲೆ ಇಡಿ.

ಫಿಲ್ಟರ್ 24 ಡೆಸಿಬಲ್‌ನ ಲೋಪಾಸ್, ಅಂದರೆ ಎತ್ತರದ ಕಂಪನಗಳನ್ನು ಸೋಸಿ ತಗ್ಗಿನವನ್ನು ಬಿಡುವಂಥದ್ದು. 1970ರ ಮಿನಿಮೋಗ್‌ನ ಏಣಿ ಫಿಲ್ಟರಿನ ನಕಲು ಸರ್ಜ್‌ನಲ್ಲಿದೆ. ಎನ್ವಲಪ್‌ನಲ್ಲಿ (ಪ್ರತಿ ಸ್ವರದ ಏರಿಳಿತದ ನಕ್ಷೆ) ಅಟ್ಯಾಕ್ 1 ಮಿಲಿಸೆಕೆಂಡ್, ಡಿಕೇ 180, ಸಸ್ಟೇನ್ ಸೊನ್ನೆಗೆ ಹತ್ತಿರ. ಸೋಸುವ ಅಂಚಿನ ಕಂಪನವನ್ನು ಎತ್ತಿ ತೋರಿಸುವ ರೆಸೊನೆನ್ಸ್ 20 ಶೇಕಡಾ ದಾಟಿಸಬೇಡಿ. ಏಣಿ ಫಿಲ್ಟರಿನಲ್ಲಿ ರೆಸೊನೆನ್ಸ್ ಏರಿದಷ್ಟೂ ತಗ್ಗಿನ ದನಿ ಬಸಿದುಹೋಗುತ್ತದೆ. ಅದು ಆ ಸರ್ಕ್ಯೂಟಿನ ಗುಣ. ಬಾಸ್ ಕಾಣೆಯಾಯಿತೆಂದು ಈಕ್ವಲೈಜರ್ ತಿರುಗಿಸುತ್ತ ಕೂರುವವರು ಬಹಳ.

ಇನ್ನು ಕೈಯ ಕೆಲಸ. ಕೀಬೋರ್ಡಿನ ಒಂದು ನಾಬ್ ಅನ್ನು ಕಟಾಫ್‌ಗೆ, ಅಂದರೆ ಫಿಲ್ಟರ್ ಸೋಸಲು ಶುರುಮಾಡುವ ಕಂಪನಕ್ಕೆ, ಜೋಡಿಸಿ, ಹಾಡಿನ ಉದ್ದಕ್ಕೂ ಕಟಾಫ್ ಅನ್ನು 250ರಿಂದ 900 ಹರ್ಟ್ಸ್ ನಡುವೆ ಕೈಯಾರೆ ಆಡಿಸಿ ರೆಕಾರ್ಡ್ ಮಾಡಿ. ಮೌಸಿನಲ್ಲಿ ಗೆರೆ ಎಳೆಯಬೇಡಿ. ಮಿಡಿ ನಾಬಿಗೆ 128 ಮೆಟ್ಟಿಲುಗಳಷ್ಟೇ ಇವೆ. ಪೂರ್ತಿ ಹರವಿಗೆ ಜೋಡಿಸಿದರೆ ನಿಧಾನಕ್ಕೆ ತಿರುಗಿಸುವಾಗ ಜರ್ ಜರ್ ಎಂದು ಮೆಟ್ಟಿಲು ಕೇಳುತ್ತದೆ. 250ರಿಂದ 900ರ ಕಿರು ಹರವಿಗೆ ಸೀಮಿತಗೊಳಿಸಿದರೆ ನುಣ್ಣಗಾಗುತ್ತದೆ. ನಾಲ್ಕು ನಿಮಿಷ ನಾಬ್ ತಿರುಗಿಸುವುದು ಬೇಸರದ ಕೆಲಸವೆನ್ನಿಸಬಹುದು. ಆದರೆ ತಾನಪುರದವರು ಕಛೇರಿಯುದ್ದಕ್ಕೂ ಮೀಟುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಸ್ಟ್ರಿಂಗ್ಸ್ ಬಗ್ಗೆ. ಜಾರ್ ಅವರ ಆ ತೇಲುವ ದನಿ ಸಿಂಥಸೈಜರಿನದೇ ಅಲ್ಲ. ಎಮಿನೆಂಟ್ 310 ಎಂಬ ಡಚ್ ಆರ್ಗನ್, ಅದನ್ನು ಸ್ಮಾಲ್ ಸ್ಟೋನ್ ಎಂಬ ಗಿಟಾರ್ ಫೇಸರಿಗೆ ಚುಚ್ಚಿದ್ದು. ನೀವು ಗರಗಸದ ಅಲೆ, ಅಟ್ಯಾಕ್ 400 ಮಿಲಿಸೆಕೆಂಡ್, ರಿಲೀಸ್ 1.5 ಸೆಕೆಂಡ್, ಕೀ ಒತ್ತುವ ಬಲಕ್ಕೆ ದನಿ ಬದಲಾಗದಂತೆ ಇಟ್ಟು, ಮೊದಲು ಕೋರಸ್, ಆಮೇಲೆ ಫೇಸರ್ ಹಾಕಿ. ಫೇಸರ್ ಒಂದು ಸುತ್ತಿಗೆ 6ರಿಂದ 10 ಸೆಕೆಂಡ್ ತೆಗೆದುಕೊಳ್ಳಲಿ. 200 ಹರ್ಟ್ಸ್ ಕೆಳಗಿನದು ಬೇಡ. ನಾಲ್ಕು ಸ್ವರದ ಕಾರ್ಡ್ ಬಿಟ್ಟು ಸ, ಪ ಎರಡೇ ಹಿಡಿಯಿರಿ. ಮೂರನೆಯ ಬೆರಳು ಪಲ್ಲವಿ ಮುಗಿಯುವಲ್ಲಿ ಮಾತ್ರ ಇಳಿಯಲಿ. ಆಗ ಅದು ಬಂದದ್ದು ತಿಳಿಯುತ್ತದೆ.

ತಾಳಕ್ಕೆ ಸ್ಯಾಂಪಲ್ ಬೇಡ. ಕಿಕ್ಕಿಗೆ ಸೈನ್ ಅಲೆ, ಶ್ರುತಿ 180 ಹರ್ಟ್ಸ್‌ನಿಂದ 40 ಮಿಲಿಸೆಕೆಂಡಿನೊಳಗೆ 55ಕ್ಕೆ ಇಳಿದು ಕಾಲು ಸೆಕೆಂಡಿನಲ್ಲಿ ಆರಬೇಕು. 55 ಹರ್ಟ್ಸ್ ನಿಮ್ಮ ಷಡ್ಜದ ಮಂದ್ರ ಪಂಚಮ, ಹಾಗಾಗಿ ಬಾಸಿನೊಂದಿಗೆ ಜಗಳವಿಲ್ಲ. ಸ್ನೇರಿಗೆ ಬಿಳಿ ಸದ್ದು, 130 ಮಿಲಿಸೆಕೆಂಡ್. ಹೈಹ್ಯಾಟಿಗೆ ಅದೇ ಸದ್ದು, 8,000 ಹರ್ಟ್ಸ್ ಮೇಲಿನದಷ್ಟೇ, 30 ಮಿಲಿಸೆಕೆಂಡ್. ಗಣಪತಿ ಹಬ್ಬದ ಆಕ್ಟೋಪ್ಯಾಡ್ ಕೇಳಿ ಬೆಳೆದ ಕೈ ಇಲ್ಲಿ ಉರುಳಿಕೆ ಹಾಕಲು ತುಡಿಯುತ್ತದೆ. ಈ ಹಾಡಿಗೆ ಅದು ಬೇಡ.

ಲೀಡಿನ ವಿಷಯಕ್ಕೆ ಬಂದಾಗ ನಿಮಗೆ ದಾರಿ ತೋರಿಸುವವರು ಜರ್ಮನಿಯಲ್ಲಿಲ್ಲ, ನಿಮ್ಮ ಊರಲ್ಲೇ ಇದ್ದರು. ಮುಂಬಯಿಯ ಸ್ಟುಡಿಯೋ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು: ಜುಪಿಟರ್-8 ಸಿಂಥ್, ಟಿಬಿ-303 ಬಾಸ್ ಯಂತ್ರ, ಟಿಆರ್-808 ತಾಳದ ಯಂತ್ರ. ಆಗ ಯಾರೂ ಅದನ್ನು ಗಮನಿಸಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ಬೆರಗಾಯಿತು, ಏಕೆಂದರೆ ಶಿಕಾಗೋದ ಆಸಿಡ್ ಹೌಸ್ ಎಂಬ ನೃತ್ಯಸಂಗೀತ ಹುಟ್ಟುವ ಕೆಲವು ವರ್ಷ ಮುಂಚೆಯೇ ಅದೇ ಯಂತ್ರಗಳ ಅದೇ ಜಾರುದನಿ ಇಲ್ಲಿ ಬಂದಿತ್ತು. ಅದು ಹಾಗೆ ಒದಗಿಬಂದದ್ದಕ್ಕೆ ಕಾರಣವೂ ಇದೆ. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇದೆ. ರಾಗಕ್ಕೆ ಬೇಕಾದ ಮೀಂಡಿಗೆ ಅದು ಹತ್ತಿರ. ರಾಗ ಕಾರ್ಡ್ ಬದಲಿಸುವುದಿಲ್ಲ, ಷಡ್ಜದ ಮೇಲೆಯೇ ನಿಂತಿರುತ್ತದೆ. ಒಂದೇ ಮಾದರಿಯನ್ನು ಸುತ್ತಿಸುವ ಸೀಕ್ವೆನ್ಸರಿಗೂ ಅದೇ ಬೇಕು. ನಮ್ಮ ದೇಶದಲ್ಲಿ ಈ ಹಾದಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೋಗ್ ಬಂದಿತ್ತು. ಅಲ್ಲಿ 1972ರವರೆಗೆ ಆದ ಧ್ವನಿಮುದ್ರಣಗಳು ಈಗ ಕೇಳಲು ಸಿಗುತ್ತವೆ. ಮುಂಬಯಿಯ ಚಿತ್ರಸಂಗೀತಕ್ಕೆ ಮೋಗ್ ಪರಿಚಯಿಸಿದವರು ಕೆರ್ಸಿ ಲಾರ್ಡ್. 1980ರ ಹೊತ್ತಿಗೆ ಇಡೀ ದೇಶವನ್ನು ಡಿಸ್ಕೋಗೆ ಕುಣಿಸಿದ ಬಿದ್ದು ಎಂಬ ಸಂಗೀತಗಾರ, ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು.

ಲೀಡನ್ನು ಮೋನೋ ಮಾಡಿ, ಒಂದು ಸಲಕ್ಕೆ ಒಂದೇ ಸ್ವರ. ಗ್ಲೈಡ್ 70 ಮಿಲಿಸೆಕೆಂಡ್ ಇರಲಿ, ಒಂದು ಕೀ ಬಿಡುವ ಮೊದಲೇ ಇನ್ನೊಂದನ್ನು ಒತ್ತಿದಾಗ ಮಾತ್ರ ಜಾರುವಂತೆ ಲೆಗಾಟೊ ಇಡಿ. ಆಗ ಎಲ್ಲಿ ಜಾರಬೇಕು, ಎಲ್ಲಿ ನೇರ ಹತ್ತಬೇಕು ಎನ್ನುವುದು ನಿಮ್ಮ ಬೆರಳಿನ ನಿರ್ಧಾರ. ಎಲ್ಲ ಸ್ವರವೂ ಜಾರಿದರೆ ರಾಗವಾಗುವುದಿಲ್ಲ, ಬರೀ ಜಾರುಬಂಡೆ.

ರೈಲಿನ ಸದ್ದಿಗೆ ನೀವು ಇಂಟರ್ನೆಟ್ಟಿನ ಉಗಿಬಂಡಿ ಹಾಕಿದ್ದೀರಿ. ಅದನ್ನು ತೆಗೆಯಿರಿ. ಸದ್ದನ್ನೇ ಸಂಗೀತ ಮಾಡುವ ಪರಂಪರೆ ಶುರುವಾದದ್ದೇ ರೈಲಿನಿಂದ: 1948ರಲ್ಲಿ ಪಿಯರ್ ಶೆಫರ್ ಪ್ಯಾರಿಸ್ಸಿನ ನಿಲ್ದಾಣವೊಂದರಲ್ಲಿ ಬಂಡಿಗಳ ಸದ್ದು ಹಿಡಿದು ಕೃತಿ ಕಟ್ಟಿದರು. ನಿಮ್ಮ ಪಾಲಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ದಿನಾ ಓಡಾಡುತ್ತಿದೆ. ಈಗಿನ ಲೋಕಲ್‌ಗಳಲ್ಲಿ ಮೋಟರನ್ನು ನಡೆಸುವುದು ಇನ್ವರ್ಟರ್. ರೈಲು ಹೊರಡುವಾಗ ಕೇಳುವ ಆ ಏರುವ ಕುಂಯ್ ದನಿ ವಿದ್ಯುತ್ತಿನ ಸ್ವಿಚಿಂಗ್‌ನದು, ಅಂದರೆ ನಿಜವಾಗಿಯೂ ಅದೊಂದು ಆಸಿಲೇಟರ್. ಮಧ್ಯಾಹ್ನ ಗದ್ದಲ ಇಳಿದ ಹೊತ್ತಿನಲ್ಲಿ, ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್ ಇರುವ ಡಬ್ಬಿಯಲ್ಲಿ ಕುಳಿತು, ಫೋನನ್ನು ಬಟ್ಟೆಯ ಚೀಲದ ಮೇಲೆ ಸೀಟಿನಲ್ಲಿಟ್ಟು ಹತ್ತು ನಿಲ್ದಾಣಗಳ ಹೊರಡುವ ಸದ್ದು ಹಿಡಿಯಿರಿ. ಬಾಗಿಲಲ್ಲಿ ಕೈ ಹೊರಚಾಚಿ ರೆಕಾರ್ಡ್ ಮಾಡಲೇಬೇಡಿ. ಜೀವಕ್ಕೂ ಅಪಾಯ, ಗಾಳಿಯ ಬುಸುಬುಸು ಬಿಟ್ಟರೆ ಏನೂ ಸಿಗುವುದೂ ಇಲ್ಲ. ಮನೆಗೆ ಬಂದು 150 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ದನಿ ಏರಿ ನಿಲ್ಲುವ ಸ್ವರವನ್ನು ಟ್ಯೂನರಿನಲ್ಲಿ ನೋಡಿ, ಅದು ನಿಮ್ಮ ಷಡ್ಜ ಅಥವಾ ಪಂಚಮಕ್ಕೆ ಬಂದು ಕೂರುವಷ್ಟು ಶ್ರುತಿ ಸರಿಸಿ. ಆಮೇಲೆ ಅದೇ ಏರಿಕೆಯನ್ನು ಸರ್ಜ್‌ನಲ್ಲಿ ಎರಡು ಗರಗಸದ ಅಲೆಗಳಿಂದ ಅನುಕರಿಸಿ ಎಂಟನೆಯ ಟ್ರ್ಯಾಕಿಗೆ ಹಾಕಿ. ಮೊದಲ ಚರಣದಲ್ಲಿ ರೈಲು, ಎರಡನೆಯದರಲ್ಲಿ ಸಿಂಥ್. ಕೇಳುವವರು ಯಾವುದು ಯಾವುದೆಂದು ಹುಡುಕುತ್ತಾರೆ.

ಈಗ ವೋಕೋಡರ್. ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಒಳ್ಳೆಯ ಭಾಗ ಇದು. ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಇದನ್ನು ದೂರವಾಣಿಗಾಗಿ ರೂಪಿಸಿದಾಗ ಅವರ ಕಿವಿಯಲ್ಲಿದ್ದದ್ದು ಇಂಗ್ಲಿಷ್. ಕನ್ನಡಕ್ಕೆ ಬೇಕಾದ ಕೆಲವು ಭೇದಗಳು ಹಳೆಯ ಮಾದರಿಯ ವೋಕೋಡರಿನ ಜಾಲರಿಯಲ್ಲಿ ಸೋರಿಹೋಗುತ್ತವೆ. ಎಲ್ಲಿ ಸೋರುತ್ತದೆಂದು ತಿಳಿದರೆ ಮುಚ್ಚುವುದು ಕಷ್ಟವಲ್ಲ.

ವೋಕೋಡರ್ ನಿಮ್ಮ ಮಾತನ್ನು ಕೆಲವು ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯ ಏರಿಳಿತವನ್ನು ಸಿಂಥ್ ದನಿಯ ಅದೇ ಪಟ್ಟಿಗೆ ಹೊದಿಸುತ್ತದೆ. ನೀವು ಬಳಸಿದ ಉಚಿತ ಟಾಲ್ ವೋಕೋಡರಿನಲ್ಲಿ 11 ಪಟ್ಟಿ. ಮಾತಿನ ಪೂರ್ತಿ ಹರವಿಗೆ 11 ಎಂದರೆ ಒಂದೊಂದೂ ಅರ್ಧ ಸ್ಥಾಯಿಗಿಂತ ಅಗಲ. ಈಗ ‘ಹಾಲು’, ‘ಹಾಳು’ ಎರಡನ್ನೂ ಹೇಳಿ ನೋಡಿ. ಳಕಾರದಲ್ಲಿ ನಾಲಿಗೆ ಹಿಂದಕ್ಕೆ ಮಡಚುವುದರಿಂದ ಬಾಯೊಳಗಿನ ಮೂರನೆಯ ಅನುರಣನ, 2,500 ಹರ್ಟ್ಸ್ ಆಸುಪಾಸಿನದು, 2,000ದ ಕಡೆಗೆ ಇಳಿಯುತ್ತದೆ. ಈ ಇಳಿತ ಒಂದೇ ಪಟ್ಟಿಯೊಳಗೆ ಮುಗಿದುಹೋದರೆ ವೋಕೋಡರಿಗೆ ಅದು ಕಾಣುವುದೇ ಇಲ್ಲ. ‘ಬೆಳೆ’ ‘ಬೆಲೆ’ಯಾಗುತ್ತದೆ, ‘ಮಣೆ’ ‘ಮನೆ’ಯಾಗುತ್ತದೆ. ಮದ್ದು ಎರಡು. ಸರ್ಜ್‌ನ ಒಳಗೇ ಇರುವ ವೋಕೋಡರ್ 20 ಪಟ್ಟಿಗಳವರೆಗೆ ಕೊಡುತ್ತದೆ, ಅದಕ್ಕೆ ಬದಲಾಯಿಸಿ. ಜೊತೆಗೆ ನಿಮ್ಮ ಮೂಲ ದನಿಯಿಂದ 1,500ರಿಂದ 4,000 ಹರ್ಟ್ಸ್ ಭಾಗವನ್ನಷ್ಟೇ ಸೋಸಿ, 12 ಡೆಸಿಬಲ್ ತಗ್ಗಿಸಿ ಅಡಿಯಲ್ಲಿ ಬೆರೆಸಿ. ಮನುಷ್ಯನ ದನಿ ಎಂದು ಗೊತ್ತಾಗುವುದಿಲ್ಲ, ಅಕ್ಷರ ಮಾತ್ರ ಬಿಡಿಸಿಕೊಳ್ಳುತ್ತದೆ.

ಎರಡನೆಯ ಸೋರಿಕೆ ಒತ್ತಕ್ಷರದ್ದು. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ಬಾಯಿ ಮುಚ್ಚಿರುವ ಹೊತ್ತಿನಲ್ಲಿದೆ. ಒತ್ತಿನಲ್ಲಿ ಆ ಮೌನ ಸುಮಾರು ಇಮ್ಮಡಿ. ವೋಕೋಡರಿನ ರಿಲೀಸ್ ನಿಧಾನವಾಗಿದ್ದರೆ ಹಿಂದಿನ ಸ್ವರದ ಬಾಲ ಆ ಮೌನದೊಳಗೆ ಹರಿದು ಅದನ್ನು ತುಂಬಿಬಿಡುತ್ತದೆ. ನೀವು ರಿಲೀಸನ್ನು ಎಳೆದಿಟ್ಟಿದ್ದೀರಿ, ಗಂಭೀರವಾಗಿ ಕೇಳಲಿ ಎಂದಿರಬೇಕು. 20ರಿಂದ 30 ಮಿಲಿಸೆಕೆಂಡಿಗೆ ಇಳಿಸಿ. ವೋಕೋಡರಿನ ನಂತರದ ರಿವರ್ಬ್‌ಗೂ ಇದೇ ಮಾತು: ಒತ್ತಕ್ಷರ ತುಂಬಿದ ಸಾಲಿಗೆ ರಿವರ್ಬ್ ಹಾಕದಿರುವುದೇ ಲೇಸು.

ಮೂರನೆಯದು ಸಿಂಥ್ ದನಿಯ ಎತ್ತರ. ನೀವು 440 ಹರ್ಟ್ಸ್ ಸುತ್ತ ಕಾರ್ಡ್ ಹಿಡಿದಿದ್ದೀರಿ. ಇಕಾರ, ಉಕಾರಗಳ ಮೊದಲ ಅನುರಣನ 300ರ ಹತ್ತಿರ ಇರುತ್ತದೆ. 440ರ ದನಿಯಲ್ಲಿ 440, 880, 1,320 ಹೀಗೆ ಮಾತ್ರ ಸದ್ದಿದೆ, 300ರಲ್ಲಿ ಏನೂ ಇಲ್ಲ. ಇಲ್ಲದ್ದಕ್ಕೆ ಆಕಾರ ಕೊಡುವುದು ಹೇಗೆ? 110 ಹರ್ಟ್ಸ್‌ನ ಪಂಚಮ, 147ರ ಷಡ್ಜ ಎರಡು ಹಿಡಿಯಿರಿ, ಎರಡೂ ಗರಗಸದ ಅಲೆ, ಫಿಲ್ಟರ್ ಪೂರ್ತಿ ತೆರೆದು. ಸ, ಶ, ಷ, ಮತ್ತು ಮಹಾಪ್ರಾಣಗಳ ಉಸಿರಿಗೆ ಈ ಅಲೆಯಲ್ಲೂ ಸಾಮಗ್ರಿ ಸಾಲದು. ಸ್ವಲ್ಪ ಬಿಳಿ ಸದ್ದು ಸೇರಿಸಿ, ಮೂಲ ದನಿಯ 5,000 ಹರ್ಟ್ಸ್ ಮೇಲಿನ ಭಾಗವನ್ನು ನೇರ ಬಿಡಿ. ಮೈಕಿನಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ರಾಗವಿಲ್ಲದೆ, ಒಂದೇ ಸಮ ಹೇಳಿ. ಎತ್ತರ ತಗ್ಗು ಕೀಬೋರ್ಡಿನಿಂದ ಬರುತ್ತದೆ. ವೋಕೋಡರಿಗೆ ಮೊದಲು, ಜೋರು ಮೆಲುದನಿಗಳ ಅಂತರ ಕುಗ್ಗಿಸುವ 4:1 ಕಂಪ್ರೆಸರ್ ಇರಲಿ. ಕನ್ನಡ ಮಾತಿನ ಕೊನೆಯ ಉಕಾರ ನುಂಗಿಹೋಗುವ ಅಭ್ಯಾಸ ನಮಗೆಲ್ಲ ಇದೆ, ಕಂಪ್ರೆಸರ್ ಅದನ್ನು ಎತ್ತುತ್ತದೆ. ನೀವೂ ತುಸು ಒತ್ತಿ ಹೇಳಿ.

ಇದೆಲ್ಲ ಆದ ಮೇಲೂ ಸಾಲು ಯಂತ್ರಕ್ಕೆ ಕೂರದಿದ್ದರೆ ತಪ್ಪು ಸಾಹಿತ್ಯದಲ್ಲಿರುತ್ತದೆ. ಈ ವಿಷಯದಲ್ಲಿ ಕನ್ನಡಕ್ಕೆ ದೊಡ್ಡ ಅನುಕೂಲವಿದೆ. ಶಾಲೆಯಲ್ಲಿ ಕಲಿತ ಲಘು ಗುರು ನೆನಪಿಸಿಕೊಳ್ಳಿ. ಲಘುವಿಗೆ ಸೀಕ್ವೆನ್ಸರಿನ ಒಂದು ಹೆಜ್ಜೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ನಾಲ್ಕು ಗಣಕ್ಕೆ ಸರಿಯಾಗಿ 16 ಹೆಜ್ಜೆ. ನಿಮ್ಮ ಹಾದಿಯ ನಿಲ್ದಾಣಗಳನ್ನೇ ತೆಗೆದುಕೊಳ್ಳಿ:

ದಾದರು ಕುರುಲಾ ಠಾಣೇ ಮುಂಬ್ರಾ

ದಾದರು 2, 1, 1. ಕುರುಲಾ 1, 1, 2. ಠಾಣೇ 2, 2. ಮುಂಬ್ರಾ 2, 2. ಒಟ್ಟು 16. ಹೆಜ್ಜೆಯನ್ನು ಅರ್ಧ ಬೀಟಿಗೆ ಇಟ್ಟರೆ ಈ ಸಾಲು ಸರಿಯಾಗಿ ನಾಲ್ಕು ಸೆಕೆಂಡ್, ಬಾಸಿನ ಎರಡು ಸುತ್ತು. ಡೊಂಬಿವಲಿ ಮಾತ್ರ 2, 1, 1, 1, ಐದು ಮಾತ್ರೆ, ನಾಲ್ಕರ ಗಣಕ್ಕೆ ಒಗ್ಗುವುದಿಲ್ಲ. ಮರಾಠಿಯವರು ಎಳೆಯುವಂತೆ ಕೊನೆಯನ್ನು ಎಳೆಯಿರಿ: ‘ಡೊಂಬಿವ’ ಒಂದು ಗಣ, ‘ಲೀ’ ಮುಂದಿನ ಇಡೀ ಗಣ. ಊರು ಬಂತೆಂಬ ಸಮಾಧಾನವೂ ಆ ಎಳೆತದಲ್ಲಿ ಬರುತ್ತದೆ. ನೀವು ಬರೆದಿರುವ ಉದ್ದ ವಾಕ್ಯಗಳನ್ನು ವೋಕೋಡರಿಗೆ ಕೊಡಬೇಡಿ, ಅವನ್ನು ಬರೀ ದನಿಯಲ್ಲಿ ಹಾಡಿ.

ವೇದಿಕೆಯ ಮಾತು. ಸಭಾಗೃಹದಲ್ಲಿ ಎಡ ಸ್ಪೀಕರಿನ ಬಳಿ ಕುಳಿತವರಿಗೆ ಎಡ ಬಾಸ್ ಮಾತ್ರ ಕೇಳಿ ಓಟ ಅರ್ಧವಾಗುತ್ತದೆ. ಆದ್ದರಿಂದ ಆ ದಿನಕ್ಕೆ ಬಾಸಿನ ಎರಡೂ ಬದಿಯನ್ನು ನಡುವಿಗೆ ತಂದ ಬೇರೆ ಮಿಕ್ಸ್ ಇಟ್ಟುಕೊಳ್ಳಿ. ಸ್ವರ 100 ಮಿಲಿಸೆಕೆಂಡಿನಲ್ಲೇ ಇದ್ದರೆ ಒಂದರ ಮೇಲೊಂದು ಬೀಳುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದೊಡನೆ ಗುಂಯ್ ಎಂದರೆ ಚಾರ್ಜರ್ ಕಿತ್ತು ನೋಡಿ. ನಿಂತಿತೆಂದರೆ ಅದು ಅರ್ಥ್ ಸುತ್ತಿನ 50 ಹರ್ಟ್ಸ್ ಸದ್ದು. ಪ್ಲಗ್ಗಿನ ಅರ್ಥ್ ಕಡ್ಡಿ ಮುರಿಯುವ ಕೆಲಸಕ್ಕೆ ಕೈ ಹಾಕಬೇಡಿ. ಹಳೆಯ ಕಟ್ಟಡಗಳ ವೈರಿಂಗಿನಲ್ಲಿ ಅದು ಮೈಕ್ ಹಿಡಿದವರ ಜೀವಕ್ಕೇ ಕುತ್ತು. ಲ್ಯಾಪ್‌ಟಾಪಿನ ದನಿಯನ್ನು ಮಿಕ್ಸರಿಗೆ ಕಳಿಸುವ, ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ ಎರಡು ತಂದು, ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸಾಕು. ಅದರಿಂದ ಉದ್ದ ಕೇಬಲಿನ ತೊಂದರೆಯೂ ತಪ್ಪುತ್ತದೆ. ಕೇಬಲ್, ಕನೆಕ್ಟರ್ ಎಲ್ಲ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತವೆ. ನಿಮ್ಮಲ್ಲಿರುವ ಹಣ ಹೋಗಬೇಕಾದದ್ದು ಇಲ್ಲಿಗೆ, ಮತ್ತು ಒಂದು ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಒಂದು ಡೈನಮಿಕ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ.

ಇನ್ನು ಜೂನೋ. 1984ರ ಯಂತ್ರ, ಆರು ಸ್ವರ ಒಟ್ಟಿಗೆ ನುಡಿಯುತ್ತದೆ. ಅದರ ಹೆಸರಾಂತ ಮೆರುಗು ಬರುವುದು ಹೆಚ್ಚಾಗಿ ಅದರ ಕೋರಸ್ಸಿನಿಂದ. ಆ ಕೋರಸ್ಸಿನ ಅನುಕರಣೆ ನಿಮ್ಮ ವೋಕೋಡರ್ ಮಾಡಿದ ಟಾಲ್ ಅವರಲ್ಲೇ ಉಚಿತವಾಗಿದೆ, ಸ್ಟ್ರಿಂಗ್ಸ್ ಮೇಲೆ ಹಾಕಿ ನೋಡಿ. ಆದರೂ ಮುಂದೊಮ್ಮೆ ಕೊಳ್ಳುವ ಮನಸ್ಸಾದರೆ ಮೊದಲು ಹಿಂಬದಿಯ ಫಲಕ ಓದಿ. ಜಪಾನಿನ ಮನೆಬಳಕೆಯದ್ದಾದರೆ 100 ವೋಲ್ಟ್ ಎಂದಿರುತ್ತದೆ. ನಮ್ಮ 230ಕ್ಕೆ ಚುಚ್ಚಿದರೆ ಆ ಕ್ಷಣಕ್ಕೇ ಸುಡುತ್ತದೆ. 230ರಿಂದ 100ಕ್ಕೆ ಇಳಿಸುವ, ಎರಡು ಸುರುಳಿ ಬೇರೆಬೇರೆ ಇರುವ 100 ವಿಎ ಟ್ರಾನ್ಸ್‌ಫಾರ್ಮರ್ ಬೇಕು. ನಂತರ ಕೋರಸ್ ಆಫ್ ಮಾಡಿ, ಒಂದೇ ಕೀಯನ್ನು ಹನ್ನೆರಡು ಸಲ ನಿಧಾನಕ್ಕೆ ಒತ್ತಿ. ಒಂದೊಂದು ಒತ್ತಿಗೂ ಸರದಿಯಂತೆ ಬೇರೆ ಚಿಪ್ ನುಡಿಯುತ್ತದೆ. ಆರರಲ್ಲಿ ಒಂದು ಸಲ ದನಿ ಕರಕರ ಎಂದರೆ, ಮಂಕಾದರೆ, ಇಲ್ಲವೇ ಬರದಿದ್ದರೆ ಒಂದು ಸ್ವರದ ಚಿಪ್ ಹೋಗಿದೆ. ಆ ಚಿಪ್‌ಗಳ ಮೇಲೆ ಬಳಿದ ಎಪಾಕ್ಸಿ ಲೇಪ ವರ್ಷಗಳಲ್ಲಿ ಕೆಡುವುದು ಈ ಮಾದರಿಯ ಹುಟ್ಟುರೋಗ. ಒಂದು ಹೋಗಿದ್ದರೆ ಉಳಿದವೂ ಸಾಲಿನಲ್ಲಿವೆ. ಸ್ಲೈಡರುಗಳ ಕರಕರ ಕಾಂಟ್ಯಾಕ್ಟ್ ಕ್ಲೀನರಿನಿಂದ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಒಳಗಿನ ನೆನಪಿನ ಬ್ಯಾಟರಿ ಬೋರ್ಡಿಗೆ ಬೆಸುಗೆ ಹಾಕಿದ್ದು. ಬದಲಿಸುವ ಮೊದಲು ದನಿಗಳನ್ನೆಲ್ಲ ಮಿಡಿ ಮೂಲಕ ಲ್ಯಾಪ್‌ಟಾಪಿಗೆ ಉಳಿಸಿಕೊಳ್ಳದಿದ್ದರೆ ಎಲ್ಲ ಅಳಿಸಿಹೋಗುತ್ತವೆ. ಮುಂಬಯಿ ಮಳೆಗಾಲದ ತೇವ ಇಂಥ ಯಂತ್ರಕ್ಕೆ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿಬಟ್ಟೆ ಹೊದಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿಟ್ಟು, ವಾರಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡಬೇಕಾಗುತ್ತದೆ.

ರಾಜ್ಯೋತ್ಸವಕ್ಕೆ ಮೊದಲು ‘ದಾದರು ಕುರುಲಾ’ ಸಾಲನ್ನು ವೋಕೋಡರಿನಲ್ಲಿ ಮುದ್ರಿಸಿ, ಹಾಡು ಕೇಳಿರದ ಒಬ್ಬರಿಗೆ ಫೋನಿನ ಸ್ಪೀಕರಿನಲ್ಲಿ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಠಾಣೇ ಬದಲು ತಾನೆ ಎಂದು ಬರೆದರೆ 1,500ರಿಂದ 4,000 ಹರ್ಟ್ಸ್‌ನ ಆ ಅಡಿದನಿಯನ್ನು ಇನ್ನೂ 3 ಡೆಸಿಬಲ್ ಏರಿಸಿ.